ಆಮ್‌ಸ್ಟರ್‌ಡ್ಯಾಮಿನಿಂದ ಹಲಗೇರಿಗೆ ಎಷ್ಟು ತಾಸು

ಬೀಜದ ಕಂಪನಿಗಳಿಗೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ ಅಂಗೈಯೊಳಗಿನ ಫೋನು ತೋರಿಸಿ, ಯಾವ ವಿಮಾನ ಈ ಗಳಿಗೆಯಲ್ಲಿ ಯಾವ ಸಮುದ್ರದ ಮೇಲಿದೆ ಎಂದು ಹೇಳುತ್ತಾರೆ. ನಿಮ್ಮ ಕಾಲದಲ್ಲಿ ಇದನ್ನೆಲ್ಲ ಹೇಗೆ ಲೆಕ್ಕ ಹಾಕುತ್ತಿದ್ದಿರಿ ಎಂದು ಕೇಳುತ್ತಾರೆ. ನನ್ನ ಹತ್ತಿರ ಇದ್ದದ್ದು ಮಗಳ ಶಾಲೆಯ ಭೂಪಟದ ಪುಸ್ತಕ, ಒಂದು ಅಡಿಪಟ್ಟಿ, ಒಂದು ಉಂಡೆ ಕೆಂಪು ದಾರ. ದಾರ ಮಾತ್ರ ಕಂಪನಿಯದು. ಹೊಲದಲ್ಲಿ ಯಾವ ಹೂವಿಗೆ ಕೈ ಹಚ್ಚಿದ್ದೇವೆ ಎಂದು ಗುರುತಿಗೆ ಕಟ್ಟುತ್ತಿದ್ದ ದಾರ ಅದು. ಅದರಿಂದಲೇ ನಾನು ಯುರೋಪನ್ನೂ ಅಳೆದೆ. ಅಳತೆ ತಪ್ಪಲಿಲ್ಲ. ತಪ್ಪಿದ್ದು ಬೇರೆ, ಅದನ್ನೇ ಬರೆಯಲು ಕೂತಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಣೆಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಹುದ್ದೆಯ ಹೆಸರು ಇಂಗ್ಲಿಷಿನಲ್ಲಿತ್ತು, ವಾಹನ ಸೈಕಲ್ಲು. ಬೆಳಗ್ಗೆ ಹಲಗೇರಿ ಕಡೆ, ಮಧ್ಯಾಹ್ನ ಆಫೀಸು, ಸಂಜೆ ಮತ್ತೆ ಯಾವುದಾದರೊಂದು ಹೊಲ. ಮಾಲೀಕರನ್ನು ಊರೆಲ್ಲ ಸಾಹುಕಾರ್ರು ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತೇನೆ. ಹೊರದೇಶದ ಕಾಗದ ಪತ್ರ, ಪಾರ್ಸೆಲ್ಲು, ಎಲ್ಲ ನನ್ನ ಕೊರಳಿಗೆ ಬಿದ್ದವು. ಯಾಕೆಂದರೆ ಆಫೀಸಿನಲ್ಲಿ ಬಿ.ಎಸ್ಸಿ. ಓದಿದವನು ನಾನೊಬ್ಬನೇ. ಬಿ.ಎಸ್ಸಿ.ಯಲ್ಲಿ ಪಾರ್ಸೆಲ್ ಕಟ್ಟುವುದನ್ನು ಕಲಿಸುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನನ್ನ ಮೊದಲ ಎಡವಟ್ಟು ಬ್ಯಾಡಗಿ ಮೆಣಸಿನಕಾಯಿಯದು. ಬೀಜಕ್ಕೆಂದು ಆರಿಸಿದ ಹಣ್ಣುಗಾಯಿಗಳ ಮಾದರಿ ಕಳಿಸಿ ಎಂದು ಹೊರಗಿನವರು ಬರೆದಿದ್ದರು. ನಾನು ತೆಳು ಕಾಗದದಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಟ್ಟು ಕಳಿಸಿದೆ. ಮುಂಬಯಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಡಬ್ಬಿ ಬಿಚ್ಚಿದ್ದೇ ತಡ, ಇಡೀ ಕೋಣೆ ಸೀನತೊಡಗಿತಂತೆ. ಬ್ಯಾಡಗಿಯ ವ್ಯಾಪಾರಿಯೊಬ್ಬರ ಗುಮಾಸ್ತ ಮುಂಬಯಿಯಲ್ಲಿದ್ದ, ನಮ್ಮ ವಿಮಾನದ ಕೆಲಸಗಳನ್ನೆಲ್ಲ ಅವನೇ ಮಾಡಿಕೊಡುತ್ತಿದ್ದ. ನಿಮ್ಮ ಡಬ್ಬಿಯ ದೆಸೆಯಿಂದ ಒಂದು ತಾಸು ಕೌಂಟರ್ ಮುಚ್ಚಿತು ಎಂದು ಅವನು ಪತ್ರ ಬರೆದ. ಅಂದಿನಿಂದ ಏನು ಕಳಿಸಿದರೂ ತಗಡಿನ ಡಬ್ಬಿಯಲ್ಲಿ ಕಳಿಸುವುದನ್ನು ಕಲಿತೆ. ನಗೆಯಲ್ಲಿ ಮುಗಿದ ತಪ್ಪು ಅದೊಂದೇ.

ಆಗ ಮುಂಬಯಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕೂಡಬೇಕಿತ್ತು. ಸಾದಾ ಕಾಲ್ ಎಂದರೆ ಊಟ ಮಾಡಿ ಬಂದರೂ ಸಿಗುತ್ತಿರಲಿಲ್ಲ. ಅರ್ಜೆಂಟ್ ಎಂದರೆ ಒಂದೆರಡು ತಾಸು. ಸಿಕ್ಕಾಗ ಆ ಕಡೆಯವನ ದನಿ ಹಾಳುಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಹಾಲೆಂಡಿನ ಕಂಪನಿಯವರು ಟೆಲೆಕ್ಸ್ ಕಳಿಸಿದರೆ ಅದು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಯಾರಾದರೂ ಬಸ್ಸಿನಲ್ಲಿ ತಂದುಕೊಡಬೇಕು. ಹೀಗಾಗಿ ಒಂದು ಸಲ ಲೆಕ್ಕ ಹಾಕಿ ಹೊಲಕ್ಕೆ ಹೇಳಿದೆವು ಅಂದರೆ ತಿದ್ದಲಿಕ್ಕೆ ಅವಕಾಶ ಇರುತ್ತಿರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿರಿ.

ಹಾಲೆಂಡಿನವರಿಗೆ ಒಂದು ಜಾತಿಯ ಟೊಮೆಟೊ ಬೀಜ ಮಾಡಿಕೊಡುವ ಕೆಲಸ ಆ ವರ್ಷ ಮೊದಲ ಬಾರಿ ನಮಗೆ ಬಂತು. ಟೊಮೆಟೊ ಹೂವಿನಲ್ಲಿ ಗಂಡೂ ಹೆಣ್ಣೂ ಒಂದೇ ಮನೆಯಲ್ಲಿರುತ್ತವೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಬಿಡಿಸಿ, ಚಿಮಟದಿಂದ ಗಂಡು ಭಾಗವನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಗ್ಗೆ ಬೇರೆ ತಳಿಯ ಪರಾಗವನ್ನು ಹೆಣ್ಣಿನ ತುದಿಗೆ ಮುಟ್ಟಿಸಬೇಕು. ನಮ್ಮ ಹೆಂಗಸರು ಹೆಬ್ಬೆರಳಿಗೆ ಒಂದು ಉಂಗುರ ಹಾಕಿಕೊಳ್ಳುತ್ತಾರೆ, ಅದರ ಮೇಲೆ ಕಡಲೆಕಾಳು ಹಿಡಿಯುವಷ್ಟು ಬಟ್ಟಲು, ಅದರಲ್ಲಿ ಪರಾಗದ ಪುಡಿ. ಗಂಡು ತೆಗೆದ ಹೂವು ಒಂದು ದಿನ ಕಾಯುತ್ತದೆ, ತಂಪಿದ್ದರೆ ಎರಡು ದಿನ. ಬಿಸಿಲು ಬಿದ್ದರೆ ಅದೂ ಇಲ್ಲ.

ಸಾಮಾನ್ಯವಾಗಿ ಗಂಡು ಗಿಡವನ್ನೂ ಅದೇ ಹೊಲದ ಮೂಲೆಯಲ್ಲಿ ಬೆಳೆಯುತ್ತೇವೆ. ಆದರೆ ಹಾಲೆಂಡಿನವರು ಗಂಡಿನ ಬೀಜ ಕೊಡಲಿಲ್ಲ. ತಳಿ ಕಳುವಾಗುತ್ತದೆಂದು ಅವರಿಗೆ ಅಂಜಿಕೆ. ಒಣಗಿಸಿದ ಪುಡಿಯನ್ನಷ್ಟೇ ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿಟ್ಟು ವಿಮಾನದಲ್ಲಿ ಕಳಿಸುತ್ತೇವೆ, ನೀವು ಹೂವು ಸಿದ್ಧ ಇಟ್ಟುಕೊಳ್ಳಿ ಎಂದರು.

ಹೊಲ ಹಲಗೇರಿಯ ನೀಲವ್ವನದು. ಆಕೆಯ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಗಂಡನ ಪಾಲಿನ ಎರಡು ಎಕರೆಯನ್ನು ಅಲ್ಲಿಯವರೆಗೆ ಭಾವ ಫಕ್ಕೀರಪ್ಪ ನೋಡಿಕೊಂಡಿದ್ದರು. ಆ ವರ್ಷ ನೀಲವ್ವ, ನನ್ನ ಹೊಲ ನಾನೇ ಮಾಡುತ್ತೇನೆ ಎಂದಳು. ಹಿರಿಯರು ಕೂತು ಆಕೆಗೆ ಒಂದೇ ಒಂದು ಹಂಗಾಮು ಕೊಟ್ಟರು. ಕಂಪನಿಯ ಕರಾರಿನಲ್ಲಿ ಬರೆದಷ್ಟು ಬೀಜ ತೂಗಿ ಕೊಟ್ಟರೆ ಹೊಲ ಆಕೆಯ ಕೈಯಲ್ಲಿ. ಇಲ್ಲದಿದ್ದರೆ ಮರಳಿ ಭಾವನ ಕೈಗೆ, ಮತ್ತೆ ಆ ಮಾತು ಎತ್ತಬಾರದು. ಟೊಮೆಟೊ ಹಚ್ಚು, ಪುಡಿ ತರಿಸಿಕೊಡುವ ಜವಾಬ್ದಾರಿ ನಮ್ಮದು ಎಂದು ಆಕೆಗೆ ಧೈರ್ಯ ಕೊಟ್ಟವನು ನಾನೇ.

ಟೆಲೆಕ್ಸ್ ಬಂತು. ವಿಮಾನ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಆಮ್‌ಸ್ಟರ್‌ಡ್ಯಾಮ್ ಬಿಡುತ್ತದೆ. ನಾನು ಭೂಪಟದ ಮೇಲೆ ಕೆಂಪು ದಾರ ಹಿಡಿದೆ. ಹೆಚ್ಚುಕಡಿಮೆ ಏಳು ಸಾವಿರ ಕಿಲೋಮೀಟರ್ ಬಂತು. ವಿಮಾನದ ವೇಗದಿಂದ ಭಾಗಿಸಿದರೆ ಒಂಬತ್ತು ತಾಸಿನ ಹಾರಾಟ. ಅಲ್ಲಿ ಹತ್ತು ಹೊಡೆದಾಗ ನಮ್ಮಲ್ಲಿ ಮಧ್ಯಾಹ್ನ ಎರಡೂವರೆ, ಆ ವ್ಯತ್ಯಾಸ ಕೂಡಿಸಿದರೆ ಮುಂಬಯಿಗೆ ಇಳಿಯುವುದು ಹತ್ತಿರ ಹತ್ತಿರ ನಡುರಾತ್ರಿ. ಬುಧವಾರ ಬಿಡಿಸಿಕೊಂಡು ಸಂಜೆಯ ಬಸ್ಸಿಗೆ ಹಾಕಿದರೆ ಗುರುವಾರ ಬೆಳಗ್ಗೆ ರಾಣೆಬೆನ್ನೂರು. ಅಂದರೆ ಹೂವಿನ ಗಂಡು ತೆಗೆಯಬೇಕಾದದ್ದು ಬುಧವಾರ ಮಧ್ಯಾಹ್ನ. ಚೀಟಿಯಲ್ಲಿ ಇದನ್ನೆಲ್ಲ ಬರೆದು ಸಾಹುಕಾರ್ರ ಮುಂದಿಟ್ಟೆ.

ಸಾಹುಕಾರ್ರು ಹಿಂದಿನ ವರ್ಷ ಹಾಲೆಂಡಿಗೆ ಹೋಗಿಬಂದಿದ್ದರು. ಮುಂಬಯಿ ಬಿಟ್ಟಾಗ ಅಲ್ಲಿಯ ಗೋಡೆ ಗಡಿಯಾರದಲ್ಲಿ ಏಳು, ಇಳಿದಾಗ ಆ ಊರಿನ ಗಡಿಯಾರದಲ್ಲಿ ಹನ್ನೊಂದೂವರೆ. ಬರುವಾಗ ದಾರಿಯಲ್ಲಿ ಎರಡು ಕಡೆ ತಂಗಿ ಬಂದಿದ್ದರಿಂದ ಆ ಲೆಕ್ಕ ಅವರಿಗೆ ಸಿಕ್ಕಿರಲಿಲ್ಲ. ಬರೇ ಐದು ತಾಸಿನ ದಾರಿ, ಇಲ್ಲಿಂದ ಬೆಳಗಾವಿಗೆ ಹೋದಷ್ಟೇ ಎಂದು ಒಂದು ವರ್ಷದಿಂದ ಊರ ತುಂಬ ಹೇಳಿಕೊಂಡು ಬಂದಿದ್ದರು. ನನ್ನ ಚೀಟಿ ನೋಡಿ ಕನ್ನಡಕ ತೆಗೆದರು.

"ಹೋಗಾಗ ಐದು ತಾಸು ಹಿಡಿದದ್ದು ಬರಾಗ ಹದಿನಾಲ್ಕು ತಾಸು ಹೆಂಗ ಆಗತೈತಿ? ಹಲಗೇರಿಗೆ ಹೋಗೋ ದಾರಿ ಬ್ಯಾರೆ, ಬರೋ ದಾರಿ ಬ್ಯಾರೆ ಐತೇನು?"

ಕೋಣೆಯಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು, ನಕ್ಕರು. ನಾನು ಹೊತ್ತು ಹುಟ್ಟುವ ವ್ಯತ್ಯಾಸದ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ವಿಮಾನದಾಗ ಕುಂತು ಬಂದವರು ಯಾರು, ನೀವೋ ನಾನೋ ಎಂದು ಕೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಗೆ ಸೇರಿದವನಲ್ಲ ನಾನು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಆ ದಿನ ಸೇರಿದೆ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಮುಂಬಯಿ, ಸಂಜೆಯ ಬಸ್ಸು, ಬುಧವಾರ ಬೆಳಗ್ಗೆ ರಾಣೆಬೆನ್ನೂರು ಎಂದು ನನ್ನ ಕೈಯಿಂದಲೇ ಚೀಟಿ ತಿದ್ದಿದೆ. ಲೆಕ್ಕ ಗೊತ್ತಿಲ್ಲದೆ ತಪ್ಪಿದ್ದಲ್ಲ ಅದು. ಗೊತ್ತಿದ್ದೂ ತಿದ್ದಿದ್ದು.

ಮಂಗಳವಾರ ಮಧ್ಯಾಹ್ನ ನಲವತ್ತು ಹೆಂಗಸರು ನೀಲವ್ವನ ಹೊಲದಲ್ಲಿ ಸಾಲು ಹಿಡಿದರು. ಗಿಡಗಳು ಮೊದಲ ಗೊಂಚಲಿಗೆ ಬಂದಿದ್ದವು, ಒಳ್ಳೆಯ ಬೀಜ ಬರುವುದೇ ಆ ಗೊಂಚಲಿನಿಂದ. ಅಷ್ಟನ್ನೂ ಗಂಡು ತೆಗೆದು ಕೆಂಪು ದಾರ ಕಟ್ಟಿದರು. ನೀಲವ್ವ ಬದುವಿನ ಮೇಲೆ ನಿಂತು ನನ್ನನ್ನು ಕೇಳಿದಳು.

"ಸಾಹೇಬ್ರ, ನಮಗ ಹೊತ್ತು ಹುಟ್ಟಿದಾಗ ಅಲ್ಲೂ ಹುಟ್ಟಿರತೈತೇನ್ರಿ? ನಮ್ಮ ತಮ್ಮ ಮಿಲ್ಟ್ರಿಯಾಗ ಅಸ್ಸಾಮದಾಗ ಅದಾನ. ಅಲ್ಲಿ ನಾಕಕ್ಕೇ ಬೆಳಕು ಹರಿತೈತಿ ಅಂತ ಬರದಾನ."

ಇಡೀ ರಾಣೆಬೆನ್ನೂರಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಆಕೆಯೊಬ್ಬಳೇ. ಅದನ್ನೆಲ್ಲ ಕಂಪನಿ ನೋಡಿಕೊಳ್ಳುತ್ತದೆ, ನೀನು ಹೂವಿನ ಕಡೆ ಲಕ್ಷ್ಯ ಕೊಡು ಎಂದು ನಾನು ಸೈಕಲ್ ಹತ್ತಿದೆ. ಎದುರುಗಾಳಿ ಜೋರಾಗಿತ್ತು, ತುಳಿಯುವಾಗ ಎದೆ ಹೊಡೆದುಕೊಳ್ಳುತ್ತಿದ್ದುದು ಗಾಳಿಯಿಂದಲೇ ಎಂದು ಸಮಾಧಾನ ಮಾಡಿಕೊಂಡೆ.

ಬುಧವಾರ ಬೆಳಗ್ಗೆ ಎಂಟಕ್ಕೇ ಹೆದ್ದಾರಿಯ ಬದಿಗೆ ಹೋಗಿ ನಿಂತೆ. ಮುಂಬಯಿ ಬಸ್ಸು ಎಂಟೂ ಮುಕ್ಕಾಲಿಗೆ ಬಂತು. ಡ್ರೈವರ್ ತನ್ನ ಸೀಟಿನ ಹಿಂದೆ ನೋಡಿದ, ಕ್ಲೀನರ್ ಮೇಲೆ ಹತ್ತಿ ನೋಡಿದ. ನಿನ್ನೆ ಯಾರೂ ಏನೂ ಕೊಟ್ಟಿಲ್ರಿ ಎಂದು ಹೇಳಿ ಬಸ್ಸು ಬಿಟ್ಟ. ಅದರ ಧೂಳಿನಲ್ಲಿ ನಿಂತಾಗ ನನಗೆ ಬಂದದ್ದು ಆಶ್ಚರ್ಯವಲ್ಲ. ನಾನು ಹೇಳಿದ್ದೇ ಸರಿ ಎಂಬ ಸಣ್ಣ ಖುಷಿ. ಆ ಖುಷಿಗೆ ನಾನು ಇಂದಿಗೂ ನಾಚುತ್ತೇನೆ. ಮರುಕ್ಷಣ ಹೂವುಗಳು ನೆನಪಾದವು.

ಅರ್ಜೆಂಟ್ ಕಾಲ್ ಆ ದಿನ ಬೇಗ, ಒಂಬತ್ತೂವರೆಗೇ ಸಿಕ್ಕಿತು. ಮುಂಬಯಿಯ ಗುಮಾಸ್ತ, ವಿಮಾನ ನಡುರಾತ್ರಿ ಇಳಿಯಿತು, ಈಗ ಕಸ್ಟಮ್ಸ್‌ನವರ ಬಾಗಿಲಿಗೆ ಹೊರಟಿದ್ದೇನೆ, ಸಂಜೆಯ ಬಸ್ಸಿಗೆ ಖಂಡಿತ ಹಾಕುತ್ತೇನೆ ಎಂದ. ಸಾಹುಕಾರ್ರು ಫೋನು ಇಟ್ಟು, ಬಾಗಿಲು ಮುಂದೆ ಮಾಡಿ ಬಂದರು. ನನ್ನ ಲೆಕ್ಕದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಬಸ್ ಕೆಟ್ಟು ನಿಂತೈತಿ, ಮಧ್ಯಾಹ್ನದೊಳಗ ಬರತೈತಿ ಅಂತ ಹೇಳ್ರಿ. ಕಂಪನಿ ಲೆಕ್ಕ ತಪ್ಪೇತಿ ಅಂತ ಹೊಲದಾಗ ಗೊತ್ತಾಗಬಾರದು. ನಾಳೆ ಏನರೆ ಒಂದು ಹೇಳಿದರಾತು."

ಹತ್ತೂಕಾಲಿಗೆ ಹಲಗೇರಿಯಲ್ಲಿದ್ದೆ. ನಲವತ್ತು ಹೆಂಗಸರು ಖಾಲಿ ಉಂಗುರ ಹಾಕಿಕೊಂಡು ಬದುವಿನ ಮೇಲೆ ಕೂತಿದ್ದರು. ನೀಲವ್ವ ಬಾವಿಯ ಮೋಟಾರಿನ ಖೋಲಿಯ ಕಡೆ ಹೊರಟಿದ್ದಳು. ನನ್ನ ಕೈ ಬರಿದಾಗಿರುವುದನ್ನು ನೋಡಿ ನಿಂತಳು. ಬಸ್ಸು ಬೆಳಗಾವಿಯ ಹತ್ತಿರ ಕೆಟ್ಟು ನಿಂತಿದೆ ಎಂದು ಹೇಳಿದೆ.

"ಖರೇನ್ರಿ?"

"ಖರೇ. ಹನ್ನೆರಡರೊಳಗ ಬರತೈತಿ."

ಹಾಗಾದರೆ ನೀರು ಬಿಡುವುದು ಬೇಡ, ಹೊಲ ಕೆಸರಾದರೆ ಸಾಲಿನಲ್ಲಿ ಓಡಾಡಲು ಆಗುವುದಿಲ್ಲ ಎಂದು ಆಕೆ ಮರಳಿ ಬಂದು ಕೂತಳು. ನಾನೂ ಕೂತೆ. ಫಕ್ಕೀರಪ್ಪ ಬಂದು ಬೇವಿನ ಗಿಡದ ಕೆಳಗೆ ನಿಂತರು. ಹೊಲವನ್ನೇ ನೋಡುತ್ತಿದ್ದರು. ಹನ್ನೊಂದಾಯಿತು. ಚಳಿಗಾಲದ ಬಿಸಿಲೇ ಆದರೂ ಮೋಡವಿರಲಿಲ್ಲ. ರಸ್ತೆಯಲ್ಲಿ ಲಾರಿಯ ಸದ್ದಾದರೆ ಹೆಂಗಸರೆಲ್ಲ ಎದ್ದು ನಿಲ್ಲುತ್ತಿದ್ದರು, ಮತ್ತೆ ಕೂಡುತ್ತಿದ್ದರು. ಬರುವುದಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಒಂದೆರಡು ಸಲ ನಾನೂ ಅವರ ಜೊತೆ ಎದ್ದು ರಸ್ತೆ ನೋಡಿದೆ. ಅಂಥ ನಾಟಕವನ್ನೂ ಮಾಡಿದ್ದೇನೆ.

ಹನ್ನೆರಡೂವರೆಗೆ ಎದ್ದು ಮೊದಲ ಸಾಲಿನೊಳಗೆ ಹೋದೆ. ಬೆಳಗ್ಗೆ ಹಸಿರಾಗಿ ಮಿರುಗುತ್ತಿದ್ದ ಹೆಣ್ಣಿನ ತುದಿಗಳು ಕಂದತೊಡಗಿದ್ದವು. ನಾಲ್ಕು ಹೂವು ನೋಡಿದೆ, ಐದನೆಯದನ್ನು ನೋಡಲಾಗಲಿಲ್ಲ. ನೀಲವ್ವನನ್ನು ಕರೆದೆ. ಬಸ್ಸು ಕೆಟ್ಟಿಲ್ಲ, ಪುಡಿ ಬಸ್ಸಿಗೇ ಬಂದಿಲ್ಲ, ನಾಳೆ ಬೆಳಗ್ಗೆಯೇ ಬರುವುದು, ನಾನು ಸುಳ್ಳು ಹೇಳಿದೆ ಎಂದೆ. ಮಾತು ಒಂದೇ ಉಸಿರಿಗೆ ಬಂತು.

ಆಕೆ ಮೋಟಾರಿನ ಖೋಲಿಯ ಕಡೆ ನೋಡಿದಳು.

"ಹನ್ನೆರಡರತನಕ ಕರೆಂಟ್ ಇತ್ತಲ್ರಿ, ಸಾಹೇಬ್ರ."

ಆಗ ಹೊಲದ ಕರೆಂಟು ಬರುತ್ತಿದ್ದುದು ಗೊತ್ತುಪಡಿಸಿದ ಹೊತ್ತಿಗೆ ಮಾತ್ರ. ಹನ್ನೆರಡಕ್ಕೆ ಹೋದರೆ ಮತ್ತೆ ಮರುದಿನವೇ. ನಾನು ಹತ್ತೂಕಾಲಿಗೆ ನಿಜ ಹೇಳಿದ್ದರೆ ಒಂದೂಮುಕ್ಕಾಲು ತಾಸು ಸಾಲುಗಳಲ್ಲಿ ನೀರು ಹರಿಯುತ್ತಿತ್ತು, ಹೊಲ ತಂಪಾಗುತ್ತಿತ್ತು, ಹೂವು ಇನ್ನೊಂದು ದಿನ ತಡೆಯುತ್ತಿದ್ದವು. ತಪ್ಪು ಲೆಕ್ಕದಿಂದ ಒಂದು ದಿನ ಹೋಗಿತ್ತು. ಆ ದಿನವನ್ನು ಉಳಿಸಿಕೊಳ್ಳುವ ದಾರಿ ನನ್ನ ಸುಳ್ಳಿನಿಂದ ಹೋಯಿತು.

ಮುಂದಿನದನ್ನೆಲ್ಲ ಮಾಡಿದವಳು ಆಕೆ. ಹೆಂಗಸರಿಗೆ, ಮನೆಗೆ ಹೋಗಿ ಇದ್ದಬದ್ದ ಹಳೆಯ ಸೀರೆ ತನ್ನಿರಿ ಎಂದಳು. ಇಳಕಲ್ ಸೀರೆ, ನೂಲಿನ ಸೀರೆ, ಹರಿದ ಧೋತರ, ಕೌದಿಗೆಂದು ಎತ್ತಿಟ್ಟ ಅರಿವೆ, ಎಲ್ಲ ಬಂದವು. ಗಿಡಗಳಿಗೆ ಆಸರೆ ಕೊಟ್ಟ ಗೂಟಗಳಿಗೆ ಅವನ್ನು ಕಟ್ಟಿ ಸಾಲಿನ ಮೇಲೆ ನೆರಳು ಮಾಡಿದರು. ತೊಟ್ಟಿಯಲ್ಲಿದ್ದ ನೀರನ್ನು ಕೊಡದಲ್ಲಿ ಹೊತ್ತು ಗಿಡದ ಬುಡಕ್ಕೂ ಸೀರೆಯ ಮೇಲೂ ಹಾಕಿದರು. ನಾನೂ ಹೊತ್ತೆ. ಅರ್ಧ ಹೊಲ ಮುಗಿಯುವಷ್ಟರಲ್ಲಿ ತೊಟ್ಟಿ ಬರಿದಾಯಿತು. ಬಾವಿಯ ನೀರು ಕೈಯಿಂದ ಸೇದಲಾಗದಷ್ಟು ಆಳದಲ್ಲಿತ್ತು. ಉಳಿದ ಅರ್ಧಕ್ಕೆ ನೆರಳೂ ಸಾಲಲಿಲ್ಲ, ನೀರೂ ಇರಲಿಲ್ಲ. ಫಕ್ಕೀರಪ್ಪ ತಲೆಗೆ ಸುತ್ತಿದ ರುಮಾಲು ಬಿಚ್ಚಿ ತೊಟ್ಟಿಯ ತಳದ ಪಸೆಯಲ್ಲಿ ತೊಯ್ಸಿ, ಹತ್ತಿರದ ಒಂದು ಗಿಡದ ಮೇಲೆ ಹಾಕಿ ಬರಿದಲೆಯಲ್ಲಿ ಮನೆಗೆ ನಡೆದರು.

ಗುರುವಾರ ಬೆಳಗ್ಗೆ ಥರ್ಮಾಸು ಬಂತು, ನನ್ನ ಮೊದಲ ಚೀಟಿಯಲ್ಲಿ ಬರೆದ ಹೊತ್ತಿಗೇ. ಹೆಂಗಸರು ಒಂದೂ ಹೂವು ಬಿಡದೆ ಪುಡಿ ಮುಟ್ಟಿಸಿದರು. ವಾರದೊಳಗೆ ತಿಳಿಯಿತು. ತೊಯ್ದ ಸೀರೆಯ ಕೆಳಗಿನ ಸಾಲುಗಳಲ್ಲಿ ಕಾಯಿ ಕಟ್ಟಿತ್ತು. ಉಳಿದ ಸಾಲುಗಳಲ್ಲಿ ಹೂವು ಉದುರಿ ಕೆಂಪು ದಾರಗಳಷ್ಟೇ ತೊಟ್ಟುಗಳಿಗೆ ಜೋತುಬಿದ್ದಿದ್ದವು. ಆಮೇಲೆ ಬಂದ ಗೊಂಚಲುಗಳಿಂದ ನೀಲವ್ವ ಎಷ್ಟು ತುಂಬಿಸಿಕೊಳ್ಳಲು ಸಾಧ್ಯವೋ ಅಷ್ಟು ತುಂಬಿಸಿಕೊಂಡಳು.

ಬೀಜ ತೂಗುವ ದಿನ ಕಂಪನಿಯ ಅಂಗಳದಲ್ಲಿ ಆಕೆಯೂ ಫಕ್ಕೀರಪ್ಪನೂ ನಿಂತಿದ್ದರು. ತಕ್ಕಡಿ ಕರಾರಿನಷ್ಟು ಇಳಿಯಲಿಲ್ಲ. ಕೊರತೆ ದೊಡ್ಡದಲ್ಲ, ಆದರೆ ಕೊರತೆಯೇ. ಸಾಹುಕಾರ್ರು, ಹೆಣ್ಣುಮಗಳು, ಹೂವು ಸರಿಯಾಗಿ ಜ್ವಾಕಿ ಮಾಡಲಿಕ್ಕಾಗಿಲ್ಲ ಎಂದರು. ನೀಲವ್ವ ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ. ನಾನು ಹೇಳಲಿ ಎಂದು ಕಾದಂತೆಯೂ ಕಾಣಲಿಲ್ಲ. ಒಮ್ಮೆ ಸುಳ್ಳು ಹೇಳಿದವನಿಂದ ಯಾರು ಏನು ಕಾಯುತ್ತಾರೆ?

ನಾನು ಫಕ್ಕೀರಪ್ಪನ ಮುಂದೆ ಹೋಗಿ ನಿಂತೆ. ವಿಮಾನದ ಹೊತ್ತು ತಪ್ಪಾಗಿ ಕೊಟ್ಟದ್ದು ಕಂಪನಿ, ಸರಿಯಾದ ಹೊತ್ತು ಗೊತ್ತಿದ್ದೂ ತಿದ್ದಿದವನು ನಾನು, ಬಸ್ಸು ಕೆಟ್ಟಿದೆ ಎಂದು ಹೇಳಿ ನೀರು ತಪ್ಪಿಸಿದವನೂ ನಾನು ಎಂದು ಅಂಗಳದಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ. ಸಾಹುಕಾರ್ರ ಮುಖ ನೋಡಲಿಲ್ಲ.

ಫಕ್ಕೀರಪ್ಪ ತಕ್ಕಡಿಯ ಕಡೆ ಒಮ್ಮೆ ನೋಡಿ, "ಆ ದಿನ ನಾ ಅಲ್ಲೇ ಇದ್ದೆ. ಸೀರೀ ಕಟ್ಟಿದ್ದೂ ನೋಡೇನಿ. ಆಕೀನ ಮಾಡಲಿ, ಇನ್ನೊಂದು ಹಂಗಾಮ," ಎಂದರು. ಅಷ್ಟೇ ಮಾತು. ಬೀಜದ ಖಾಲಿ ಚೀಲ ಮಡಚಿ ಬಗಲಲ್ಲಿಟ್ಟುಕೊಂಡು ಹೊರಟರು.

ನನ್ನನ್ನು ಮರುದಿನವೇ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿಗೆ ಹಾಕಿದರು. ಏಳೆಂಟು ತಿಂಗಳು ಕಣ್ಣು ಒರೆಸಿಕೊಳ್ಳುತ್ತಾ ಚೀಲ ಎಣಿಸಿದೆ. ನೋಡಿದವರು ನಾನು ಪಶ್ಚಾತ್ತಾಪದಿಂದ ಅಳುತ್ತಿದ್ದೇನೆ ಎಂದುಕೊಂಡಿರಬೇಕು, ಅರ್ಧ ನಿಜವೂ ಹೌದು. ದೀಪಾವಳಿಯ ನಂತರ ಸಾಹುಕಾರ್ರು ತಾವಾಗಿಯೇ ಕರೆಸಿಕೊಂಡರು. ಕ್ಷಮೆಯ ಮಾತು ಆಡಲಿಲ್ಲ, ಅದು ಅವರ ಜಾಯಮಾನವಲ್ಲ. ನನ್ನ ಮೇಜಿನ ಎದುರಿನ ಗೋಡೆಗೆ ಒಂದರ ಪಕ್ಕ ಒಂದು ಎರಡು ಗಡಿಯಾರ ಹಾಕಿಸಿದ್ದರು. ಒಂದು ನಮ್ಮ ಹೊತ್ತು, ಇನ್ನೊಂದು ನಾಲ್ಕೂವರೆ ತಾಸು ಹಿಂದೆ. ಅವನ್ನು ತೋರಿಸಿ, ಇನ್ನು ಮುಂದೆ ವಿಮಾನದ ಚೀಟಿಗೆ ನಿಮ್ಮದೊಂದೇ ಸಹಿ ಸಾಕು ಎಂದರು.

ಆಮೇಲೆ ಫ್ಯಾಕ್ಸು ಬಂತು, ಎಸ್‌ಟಿಡಿ ಬಂತು, ಟ್ರಂಕ್ ಕಾಲಿನ ಕಾಟ ತಪ್ಪಿತು. ಈಗ ನಿಮ್ಮ ಅಂಗೈಯಲ್ಲಿ ವಿಮಾನವೇ ಕಾಣುತ್ತದೆ, ಸಂತೋಷ. ಆದರೆ ತಡವಾಗಿದೆ ಎಂದು ಗೊತ್ತಾದ ಮೇಲೆ ಹೊಲಕ್ಕೆ ಹೋಗಿ ಹೇಳುವವರು ನೀವೇ, ಫೋನಲ್ಲ. ಹೇಳುವುದಾದರೆ ಕರೆಂಟು ಇರುವಾಗಲೇ ಹೇಳಿರಿ.

ಮರು ಹಂಗಾಮಿನಲ್ಲಿ ನಾನು ಮತ್ತೆ ಹಲಗೇರಿಗೆ ಹೋದೆ. ಟೊಮೆಟೊ ಮೊದಲ ಗೊಂಚಲಿಗೆ ಬಂದಿತ್ತು. ಹೆಂಗಸರು ಚಿಮಟ ಹಿಡಿದು ಸಾಲಿನಲ್ಲಿ ನಿಂತಿದ್ದರು. ಹನ್ನೊಂದು ಗಂಟೆಯ ಹೊತ್ತು. ನೀಲವ್ವ ನನ್ನ ಸೈಕಲ್ ಕಂಡು ಬದುವಿಗೆ ಬಂದಳು.

"ಅಲ್ಲಿ ಹೊತ್ತು ಹುಟ್ಟೇತೇನ್ರಿ, ಸಾಹೇಬ್ರ?"

"ಇನ್ನೂ ಇಲ್ಲವ್ವಾ. ಅಲ್ಲಿ ಇನ್ನೂ ಕತ್ತಲೈತಿ. ವಿಮಾನ ಬಿಟ್ಟಿಲ್ಲ, ಪುಡಿ ಬರೋದು ನಾಡಿದ್ದ."

ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಖರೇನ್ರಿ ಎಂದು ಕೇಳುತ್ತಾಳೆ ಎಂದು ಕಾದೆ, ಕೇಳಲಿಲ್ಲ. ತಿರುಗಿ ಹೆಂಗಸರಿಗೆ, ಇವತ್ತು ಯಾರೂ ಹೂವಿಗೆ ಕೈ ಹಚ್ಚಬ್ಯಾಡ್ರಿ ಎಂದು ಕೂಗಿ ಹೇಳಿ, ಮೋಟಾರು ಚಾಲೂ ಮಾಡಲು ಖೋಲಿಯ ಕಡೆ ನಡೆದಳು. ಕರೆಂಟು ಹೋಗಲು ಇನ್ನೂ ಒಂದು ತಾಸಿತ್ತು.